ಕಲಿಯುವವರ ಮೇಜು

ಮಾರ್ಚ್ ೬

ಪುಟ್ಟಿ,

ಇದೇನು ಗೋಡೆಬರಹ ಅಂತ ನಗಬೇಡ. ಸಣ್ಣ ಪೆನ್ನಿನಲ್ಲಿ ಬರೆದರೆ ನಾನು ಬರೆದದ್ದು ನನಗೇ ಕಾಣುವುದಿಲ್ಲ. ಅದಕ್ಕೆ ಡಬ್ಬಗಳ ಮೇಲೆ ಹೆಸರು ಬರೆಯುವ ದಪ್ಪ ಮಾರ್ಕರ್ ಹಿಡಿದು ಕೂತಿದ್ದೇನೆ. ಹಾಳೆಗೆ ಆರೇಳು ಸಾಲು ಹಿಡಿದರೆ ಹೆಚ್ಚು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು "ಹೂಂ ಅಪ್ಪಾ, ನೋಡೋಣ ಅಪ್ಪಾ, ವಾರ್ಡಿಗೆ ಹೊತ್ತಾಯ್ತು ಅಪ್ಪಾ" ಅಂತ ಜಾರಿಕೊಳ್ಳುತ್ತೀಯ. ಕಾಗದದಲ್ಲಿ ಜಾರಿದರೆ ಜಾರಿದ್ದು ಕಾಣುತ್ತದೆ.

ವಿಷಯಕ್ಕೆ ಬರುತ್ತೇನೆ. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬಲಗಣ್ಣು ಪೂರ್ತಿ ಮಂಜು, ಎಡಗಣ್ಣು ಅರ್ಧ. ಬೀದಿ ತುದಿಯ ಕಣ್ಣಾಸ್ಪತ್ರೆಯ ಡಾಕ್ಟರು ನೋಡಿ, "ಮುಂದಿನ ವಾರವೇ ತೆಗೆದುಬಿಡೋಣ ಯಜಮಾನ್ರೇ" ಅಂದರು. "ನನ್ನ ಮಗಳೇ ಕಣ್ಣಿನ ಡಾಕ್ಟ್ರು. ಅವಳ ಕೈ ಬಿಟ್ಟು ಇನ್ನೊಬ್ರ ಕೈ ನನ್ನ ಕಣ್ಣಿಗೆ ಬೀಳಕೂಡದು" ಅಂತ ಹೇಳಿ ಎದ್ದು ಬಂದೆ. ಬರುವಾಗ ಅವರ ಬಾಗಿಲಿಗೇ ಹಣೆ ಚಚ್ಚಿಕೊಂಡೆ, ಅದು ಬೇರೆ ಮಾತು.

ಈಗ ಹೊಸ ಮೆಷಿನ್ನು ಬಂದಿದೆಯಂತೆ, ಹೊಲಿಗೆಯೇ ಇಲ್ಲವಂತೆ, ಕಾಲಲ್ಲಿ ಪೆಡಲ್ ಒತ್ತಿ ಮಾಡುತ್ತಾರಂತೆ. ಹೌದಾ? ಇಡೀ ಆಯುಸ್ಸು ಡ್ರೈವಿಂಗ್ ಸ್ಕೂಲ್ ನಡೆಸಿದವನ ಮಗಳು ನೀನು. ಪೆಡಲ್ ಅಂದ ಮೇಲೆ ಅದು ನಮ್ಮ ಮನೆತನದ ಕಸುಬೇ. ಯಾವಾಗ ಬರಲಿ, ಬರೆ. ನಿನ್ನ ಪತ್ರಗಳನ್ನು ಮಹಡಿ ಮನೆಯ ಟೀಚರಮ್ಮ ಓದಿ ಹೇಳುತ್ತಾರೆ. ಕಳೆದ ಸಲ ರಾಗ ಹಾಕಿ ಓದಿದರು. ನಿನ್ನ ಕೆಮ್ಮಿನ ಸುದ್ದಿಗೆ ನನಗೆ ಅಳುವೇ ಬಂತು.

ದಾರಿ ಕಾಯುವ, ದಾರಿ ಕಾಣದ
ಅಪ್ಪ


ಮಾರ್ಚ್ ೨೧

ಅಪ್ಪಾ,

ಮೊದಲು ಟೀಚರಮ್ಮನವರಿಗೆ ನಮಸ್ಕಾರ. ದಯವಿಟ್ಟು ರಾಗವಿಲ್ಲದೆ ಓದಿ.

ನೀವು ಕೇಳಿದ್ದು ನಿಜ. ನಾನು ಇಷ್ಟು ವರ್ಷ ಮಾಡಿದ್ದು ಕೈಯ ಕೆಲಸ. ಕಣ್ಣಿನ ಅಂಚಿನಲ್ಲಿ ಸೀಳು ಮಾಡಿ, ಮಂಜಾದ ಮಸೂರವನ್ನು ಇಡಿಯಾಗಿ ಹೊರಗೆ ಜಾರಿಸಿ, ಆ ಜಾಗದಲ್ಲಿ ಹೊಸದನ್ನು ಕೂರಿಸುವುದು. ಹೊಸ ವಿಧಾನದಲ್ಲಿ ಸೀಳು ಅಕ್ಕಿಕಾಳಿಗಿಂತ ಸಣ್ಣದು. ಅದರೊಳಗೆ ಸೂಜಿಯಂಥ ಕೊಳವೆ ಹೋಗುತ್ತದೆ. ಅದು ಅದುರಿ ಮಸೂರವನ್ನು ಒಳಗೇ ಪುಡಿ ಮಾಡಿ ಹೀರಿಕೊಳ್ಳುತ್ತದೆ. ಪೆಡಲನ್ನು ಸ್ವಲ್ಪ ಒತ್ತಿದರೆ ನೀರು, ಇನ್ನಷ್ಟು ಒತ್ತಿದರೆ ಹೀರುವುದು, ಪೂರ್ತಿ ಒತ್ತಿದರೆ ಪುಡಿ ಮಾಡುವುದು. ರೋಗಿ ಎಚ್ಚರವಾಗಿಯೇ ಇರುತ್ತಾರೆ, ಮರುದಿನ ಪೇಪರ್ ಓದುತ್ತಾರೆ. ನಿಜಕ್ಕೂ ಒಳ್ಳೆಯ ವಿಧಾನ.

ಇನ್ನು ಮೇಲೆ ಎಲ್ಲರೂ ಇದರಲ್ಲೇ ಮಾಡಬೇಕು ಅಂತ ಆಸ್ಪತ್ರೆಯ ಅಪ್ಪಣೆಯಾಗಿದೆ. ವರ್ಷದ ಕೊನೆಯೊಳಗೆ ಕಲಿಯದವರನ್ನು ಕನ್ನಡಕದ ನಂಬರ್ ನೋಡುವ ಕೋಣೆಗೆ ಕಳಿಸುತ್ತಾರಂತೆ. ನನಗೆ ಕಲಿಸುತ್ತಿರುವವನು ನನ್ನ ಹಳೆಯ ಶಿಷ್ಯ. ಹೊಲಿಗೆಯ ಗಂಟು ಹಾಕುವುದನ್ನು ಅವನಿಗೆ ನಾನೇ ಕಲಿಸಿದ್ದೆ. ವಾರ್ಡಿನವರು ಅವನನ್ನು ಮರಿಗುರು ಅನ್ನುತ್ತಾರೆ. ಒಳ್ಳೆಯವನು. ಈಗಲೂ ನನ್ನನ್ನು ಮೇಡಂ ಅನ್ನುತ್ತಾನೆ. "ಮೇಡಂ, ಹಾಗಲ್ಲ" ಅನ್ನುತ್ತಾನೆ.

ನಿಮ್ಮ ಕಣ್ಣನ್ನು ಅಲ್ಲಿಯೇ ಮಾಡಿಸಿಕೊಳ್ಳಿ. ಆ ಡಾಕ್ಟರ ಹೆಸರು ನಾನೂ ಕೇಳಿದ್ದೇನೆ, ಒಳ್ಳೆಯ ಕೈ. ಸ್ವಂತದವರ ಮೇಲೆ ಕೈ ಹಾಕಬಾರದು ಅಂತ ನಮ್ಮಲ್ಲಿ ಒಂದು ಮಾತಿದೆ. ಬಂದು ಹೋಗುವ ಆಯಾಸವೂ ಬೇಡ. ಕೆಮ್ಮು ಹೋಗಿದೆ.

ನಿಮ್ಮ
ಮಗಳು


ಏಪ್ರಿಲ್ ೧೧

ಪುಟ್ಟಿ,

ಜಾರಿದೆ. ಕಂಡಿತು.

ಸ್ವಂತದವರ ಮೇಲೆ ಕೈ ಹಾಕಬಾರದಂತೆ! ನಿನ್ನ ಸೋದರತ್ತೆಯ ಎರಡೂ ಕಣ್ಣು ಮಾಡಿದೆಯಲ್ಲ, ಅವಳೇನು ದಾರಿಹೋಕಳಾ? ಈಗಲೂ ನನ್ನ ಅಂಗಿಯ ಕಲೆಯನ್ನು ಬಾಗಿಲಿಂದಲೇ ಗುರುತಿಸಿ ಮಂಗಳಾರತಿ ಎತ್ತುತ್ತಾಳೆ. ಅವಳಿಗೆ ಅಂಥ ಕಣ್ಣು ಕೊಟ್ಟವಳು ನನಗೆ ಮಾತ್ರ ಬೀದಿ ತುದಿ ತೋರಿಸುತ್ತೀಯ. ಟೀಚರಮ್ಮ ಪತ್ರ ಓದಿ ಮುಗಿಸಿ, "ಇದ್ರಲ್ಲಿ ನಿಮ್ಮ ಮಗಳ ಮಾತೇ ಇಲ್ವಲ್ಲ, ಬರೀ ಪಾಠ ಇದೆ" ಅಂದರು. ಅವರಿಗೇ ಗೊತ್ತಾದ ಮೇಲೆ ಅಪ್ಪನಿಗೆ ಗೊತ್ತಾಗದೆ ಇರುತ್ತದಾ?

ನೀನು ಕಲಿಯುವವರೆಗೆ ಕಾಯುತ್ತೇನೆ. ಮೊನ್ನೆ ಲೋಟದ ಪಕ್ಕಕ್ಕೆ ನೀರು ಬಗ್ಗಿಸಿ ಮೇಜು ತೊಳೆದೆ. ನಿನ್ನೆ ಪಕ್ಕದ ಮನೆಯ ಬೀಗಕ್ಕೆ ನಮ್ಮ ಕೀಲಿ ಹಾಕಿ ಬೀಗದ ಜೊತೆ ಜಗಳವಾಡುತ್ತಿದ್ದೆ. ಆದರೆ ನಾನು ಹಟ ಹಿಡಿದರೆ ಹೇಗೆ ಅಂತ ನಿನಗೆ ಗೊತ್ತಲ್ಲ.

ಪೆಡಲಿನ ಬಗ್ಗೆ ಒಂದು ಮಾತು. ನನ್ನ ಹತ್ತಿರ ಏನೂ ಬಾರದೆ ಬಂದವರು ಬೇಗ ಕಲಿಯುತ್ತಿದ್ದರು. ಕಷ್ಟ ಕೊಟ್ಟವರು ಆಗಲೇ ಬೇರೆ ಗಾಡಿ ಓಡಿಸಿ ಪಳಗಿದವರು. ಆರಾಮಾಗಿರುವಾಗ ನಾನು ಹೇಳಿದ ಹಾಗೆ ಮಾಡುತ್ತಿದ್ದರು. ಗಾಬರಿಯಾಯಿತೋ, ಹಳೇ ಕಾಲು ಎದ್ದು ಬರುತ್ತಿತ್ತು. ಹುಷಾರು.

ಹಟಮಾರಿ
ಅಪ್ಪ


ಮೇ ೨೯

ಅಪ್ಪಾ,

ಈ ಪತ್ರವನ್ನು ಟೀಚರಮ್ಮನವರ ಕೈಲಿ ಓದಿಸಬೇಡಿ. ನಿಮ್ಮ ಹಾಗೆಯೇ ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿದ್ದೇನೆ. ಬಿಸಿಲು ಬೀಳುವ ಕಿಟಕಿಯ ಹತ್ತಿರ ಕೂತು, ಭೂತಗನ್ನಡಿ ಹಿಡಿದು, ನಿಧಾನಕ್ಕೆ ನೀವೇ ಓದಿ.

ನೀವು ಹೇಳಿದ ಹಾಗೆಯೇ ಆಯಿತು. ನನ್ನಲ್ಲಿ ಎದ್ದು ಬಂದದ್ದು ಹಳೇ ಕೈ.

ನಮ್ಮಲ್ಲಿ ಒಂದು ಕ್ರಮವಿದೆ. ರೋಗಿ ಎಚ್ಚರವಾಗಿರುವುದರಿಂದ ಕಲಿಸುವವರು ತಪ್ಪು, ನಿಲ್ಲಿಸಿ ಅಂತೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ. ಹಿಂದೆ ನಿಂತು ಬೆನ್ನು ತಟ್ಟುತ್ತಾರೆ. ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಸ್ಟೂಲಿನಿಂದ ಏಳು. ರೋಗಿಯ ಮುಖದ ಮೇಲೆ ಬಟ್ಟೆ ಇರುತ್ತದೆ, ಯಾರು ಎದ್ದರು ಯಾರು ಕೂತರು ಅವರಿಗೆ ತಿಳಿಯುವುದಿಲ್ಲ. ಊರಲ್ಲೆಲ್ಲ ಬೆನ್ನು ತಟ್ಟಿದರೆ ಶಹಭಾಸ್ ಅಂತ. ನಮ್ಮ ಆಪರೇಷನ್ ಥಿಯೇಟರಿನಲ್ಲಿ ಮಾತ್ರ ಎದ್ದೇಳು ಅಂತ.

ಅವತ್ತು ಮೇಜಿನ ಮೇಲೆ ಮಲಗಿದ್ದವರು ಅಂಗಿಗೆ ಕಾಜಾ ಹೊಲಿಯುವ ಹೆಂಗಸು. ಗುಂಡಿ ತೂರುವ ತೂತಿನ ಸುತ್ತ ಕೈಯಲ್ಲೇ ದಾರ ಸುತ್ತುವುದು, ಬೆಳಗಿನಿಂದ ಸಂಜೆಯವರೆಗೆ ಅದೇ ಕೆಲಸ. ವಾರ್ಡಿನವರು ಕಾಜಮ್ಮ ಅನ್ನುತ್ತಿದ್ದರು. ಮೃದುವಾದ ಪೊರೆ, ಅಲುಗಾಡದ ಮೈ, ಪ್ರಶ್ನೆ ಕೇಳದ ಬಾಯಿ. ಕಲಿಯುವವರಿಗೆ ಅಂಥವರನ್ನೇ ಆರಿಸುತ್ತಾರೆ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳುವ ಪದ್ಧತಿಯೇ ಇಲ್ಲ.

ಮುಕ್ಕಾಲು ಪಾಲು ಚೆನ್ನಾಗಿಯೇ ಆಯಿತು. ಕೊನೆಯ ತುಂಡು ಹೀರುವಾಗ ಕಾಲು ಬೇಕಾದ್ದಕ್ಕಿಂತ ಕೆಳಗೆ ಇಳಿಯಿತು. ಮಸೂರದ ಹಿಂದೆ ಅದನ್ನು ಹಿಡಿದಿಡುವ ಒಂದು ಪರೆ ಇರುತ್ತದೆ, ಈರುಳ್ಳಿಯ ಒಳಪದರಕ್ಕಿಂತ ತೆಳು. ಅದು ಮುಂದಕ್ಕೆ ಚಿಮ್ಮಿ ಹರಿಯಿತು. ಆಗಲೂ ಪೂರ್ತಿ ಕೆಟ್ಟಿರಲಿಲ್ಲ. ಕೊಳವೆಯನ್ನು ಅಲುಗಿಸದೆ, ನೀರು ಬಿಟ್ಟುಕೊಂಡೇ ಸುಮ್ಮನೆ ಇದ್ದಲ್ಲೇ ಇರಬೇಕು. ಅದನ್ನು ಮರಿಗುರುವಿಗೆ ಬಾಯಿಪಾಠ ಒಪ್ಪಿಸಿದ್ದೆ ಕೂಡ. ಆದರೆ ಹಳೆಯ ಕೆಲಸದಲ್ಲಿ ಎಡವಟ್ಟಾದರೆ ಮೊದಲು ಕೈ ಹೊರಗೆ ತೆಗೆದು ಅಭ್ಯಾಸ. ಸರಕ್ಕನೆ ಎಳೆದುಬಿಟ್ಟೆ. ಬೆನ್ನಿಗೆ ಅವನ ಕೈ ಬೀಳುವಷ್ಟರಲ್ಲಿ ಆಗಿಹೋಗಿತ್ತು. ಉಳಿದ ತುಂಡು ನೀರಿನ ಬಕೆಟ್ಟಿಗೆ ಬಿದ್ದ ಗುಂಡಿಯ ಹಾಗೆ ಕಣ್ಣಿನ ತಳಕ್ಕೆ ಇಳಿಯಿತು.

"ಆಯ್ತಾ ಡಾಕ್ಟ್ರೇ?" ಅಂತ ಬಟ್ಟೆಯ ಕೆಳಗಿಂದ ಕೇಳಿದರು.

"ಆಗ್ತಾ ಬಂತು" ಅಂದೆ.

ಅದನ್ನು ತೆಗೆಯಲು ಬೇರೆ ಡಾಕ್ಟರು ಇನ್ನೊಂದು ಆಪರೇಷನ್ ಮಾಡಬೇಕಾಯಿತು. ಈಗ ಆ ಕಣ್ಣಿಗೆ ಬೆಳಕಿದೆ, ಆದರೆ ದಾರ ಸೊಟ್ಟಗೆ ಕಾಣುತ್ತದೆ. ದಾರವೇ ಬದುಕಾಗಿರುವವರಿಗೆ. ನಮ್ಮಲ್ಲಿ ಇಂಥ ಹೊತ್ತಿಗೆ ಹೇಳುವ ಒಂದು ಮಾತಿದೆ, ನಾನೂ ಅದನ್ನೇ ಹೇಳಿದೆ: "ನಿಮ್ಮ ಕಣ್ಣು ಸ್ವಲ್ಪ ನಾಜೂಕಮ್ಮ, ಕೆಲವ್ರಿಗೆ ಹೀಗಾಗುತ್ತೆ." ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ನನ್ನ ಹಣೇಬರಹಕ್ಕೆ ನೀವೇನ್ ಮಾಡ್ತೀರಿ? ನಿಮ್ಮ ಕೈಗುಣ ಒಳ್ಳೇದು. ಇನ್ನೊಂದು ಕಣ್ಣೂ ನೀವೇ ಮಾಡ್ಬೇಕು, ಬೇರೆಯವ್ರ ಹತ್ರ ನಾ ಹೋಗಲ್ಲ."

ಬಿಸಿತುಪ್ಪ ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಹಳೆಯದನ್ನು ಮಾಡಲು ಆಸ್ಪತ್ರೆ ಬಿಡುವುದಿಲ್ಲ, ಹೊಸದು ನನಗೆ ಬರುವುದಿಲ್ಲ. ಆಕೆ ಬೇರೆಯವರ ಹತ್ತಿರ ಹೋಗುವುದಿಲ್ಲ, ನೀವೂ ಹೋಗುವುದಿಲ್ಲ. ನನಗೆ ಭಯವಾಗಿದೆ. ದಮ್ಮಯ್ಯ, ಅಲ್ಲೇ ಮಾಡಿಸಿಕೊಳ್ಳಿ.

ನಿಮ್ಮ
ಮಗಳು


ಜೂನ್ ೧೯

ಪುಟ್ಟಿ,

ನಿನ್ನ ಪತ್ರವನ್ನು ಕಂತು ಕಂತಾಗಿ ಓದಿದೆ. ಟೀಚರಮ್ಮ ಮೆಟ್ಟಿಲ ಮೇಲೆ ನಿಂತು, "ಈ ಸಲ ನನ್ನ ಕರೀಲೇ ಇಲ್ಲ" ಅಂತ ಮುನಿಸಿಕೊಂಡರು. ಅಳಬೇಡ ಅಂತ ಬರೆಯುವುದಿಲ್ಲ. ಅಳು ಬಂದರೆ ಅಳು.

ನನ್ನ ಕಾರಿನ ಮುಂದೂ ಹಿಂದೂ ಬೋರ್ಡ್ ಇತ್ತು, ನೆನಪಿದೆಯಾ? "ಕಲಿಯುವವರು, ದೂರವಿರಿ." ಕೆಂಪು ಅಕ್ಷರ. ಅದನ್ನು ನೋಡಿ ಜನ ಪಕ್ಕಕ್ಕೆ ಸರಿಯುತ್ತಿದ್ದರು. ಕೆಲವರು ಹಾರ್ನ್ ಹೊಡೆದು ನಗುತ್ತಿದ್ದರು. ದೊಡ್ಡ ಹುದ್ದೆಯವರು ಕಲಿಯಲು ಬಂದರೆ, "ಆ ಬೋರ್ಡ್ ಒಂದು ತೆಗೀರಿ ಸಾರ್, ಗುರುತಿನವ್ರು ನೋಡ್ತಾರೆ" ಅನ್ನುತ್ತಿದ್ದರು. ತೆಗೆಯುತ್ತಿರಲಿಲ್ಲ. ನಾಚಿಕೆ ಕಲಿಯುವವನದು, ಪ್ರಾಣ ರಸ್ತೆಯಲ್ಲಿ ನಡೆಯುವವನದು. ನಿಮ್ಮ ಮೇಜಿಗೆ ಬೋರ್ಡ್ ಎಲ್ಲಿದೆ ಪುಟ್ಟಿ?

ಇನ್ನೊಂದು. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತಿತ್ತು. ನಿನ್ನ ಮರಿಗುರುವಿನ ಕಾಲ ಕೆಳಗೆ ಯಾಕಿಲ್ಲ? ಅವನಿಗೂ ಒಂದು ಪೆಡಲ್ ಹಾಕಿಸಿಕೊಟ್ಟರೆ ಮುಗಿಯಿತು. ಇಷ್ಟು ಸುಲಭದ್ದು ನಿಮ್ಮಲ್ಲಿ ಯಾರ ತಲೆಗೂ ಹೊಳೆಯಲಿಲ್ಲವಾ?

ನನ್ನ ಚಿಂತೆ ಬಿಡು. ನಾನು ಎಲ್ಲಿಗೂ ಹೋಗುವುದಿಲ್ಲ. ಹೋಗಬೇಕೆಂದರೂ ಬಾಗಿಲು ಕಾಣುವುದಿಲ್ಲ.

ನಿನ್ನ
ಅಪ್ಪ


ಜುಲೈ ೨೪

ಅಪ್ಪಾ,

ಇನ್ನೊಂದು ಬ್ರೇಕ್ ಹಾಕಿಸಿದರೂ ಉಪಯೋಗವಿಲ್ಲ. ರಸ್ತೆಯಲ್ಲಿ ಎದುರಿನ ಗಾಡಿ ದೂರದಿಂದಲೇ ಕಾಣುತ್ತದೆ. ಇಲ್ಲಿ ಕಣ್ಣಿಗೆ ಕಂಡಾಗ ಆಗಲೇ ಪರೆ ಹರಿದಿರುತ್ತದೆ. ಎಂಥ ಗುರುವಿನ ಕಾಲೂ ಅಷ್ಟು ಬೇಗ ಇಳಿಯುವುದಿಲ್ಲ. ಇದು ನಿಮಗೆ ಗೊತ್ತಿಲ್ಲದ ರಸ್ತೆ.

ನಿಮ್ಮ ಬೋರ್ಡಿನ ಮಾತನ್ನು ಮಾತ್ರ ನಡೆಸಿದೆ.

ಕಾಜಮ್ಮ ಇನ್ನೊಂದು ಕಣ್ಣಿಗೆ ದಿನ ಕೇಳಲು ಬಂದಿದ್ದರು. ಔಷಧಿ ಕೊಡುವ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿಬಿಟ್ಟೆ. "ನಿಮ್ಮ ಕಣ್ಣು ನಾಜೂಕಲ್ಲಮ್ಮ. ತಪ್ಪು ನಂದು. ನಾನು ಆ ಮೆಷಿನ್ ಇನ್ನೂ ಕಲೀತಾ ಇದ್ದೆ." ಅವರು ಕೈಯಲ್ಲಿದ್ದ ಚೀಟಿಯನ್ನು ಮಡಚುತ್ತಾ ಬಿಚ್ಚುತ್ತಾ ಕೂತರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ನಾನೂ ಹೊಸಬ್ರಿಗೆ ಕಾಜಾ ಕಲಿಸ್ತೀನಿ, ಎಷ್ಟೋ ಬಟ್ಟೆ ಹಾಳ್ಮಾಡ್ತಾರೆ, ಗೊತ್ತು ನಂಗೆ" ಅಂದರು. "ಅವತ್ತು ಕೇಳಿದ್ರೆ ಹೂಂ ಅಂತಿದ್ನೋ ಏನೋ. ನೀವು ಕೇಳ್ಲೇ ಇಲ್ವಲ್ಲಮ್ಮ."

ಎದ್ದು ಹೋದರು. ಮರಿಗುರುವೇ ಮಾಡುತ್ತಾನೆ ಅಂತ ಎರಡು ಸಲ ಹೇಳಿ ಕಳಿಸಿದೆ, ಬರಲಿಲ್ಲ. ಸುಳ್ಳು ಹೇಳಿದಾಗ ನಂಬಿ ಬರುತ್ತಿದ್ದವರು ನಿಜ ಹೇಳಿದ ಮೇಲೆ ಮನೆಯಲ್ಲಿ ಕೂತು ಉಳಿದ ಕಣ್ಣನ್ನೂ ಕಳೆದುಕೊಳ್ಳುತ್ತಿದ್ದಾರೆ. ದೊಡ್ಡ ಡಾಕ್ಟರು ಕರೆದು, "ಹೇಳೋದೇನಿದ್ರೂ ನಮ್ಗೆ ಹೇಳಿ, ಪೇಷಂಟಿಗೆ ಯಾಕೆ?" ಅಂದರು.

ಆಮೇಲಿಂದ ಎಲ್ಲರನ್ನೂ ಮೊದಲೇ ಕೇಳುತ್ತೇನೆ. ಒಬ್ಬರು ಕೈಮುಗಿದು ಬೇಡ ಅಂದರು. ಇನ್ನೊಬ್ಬರ ಮಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈ ವಯಸ್ಸಲ್ಲಿ ಕಲೀತಿದೀರಾ?" ಅಂದ. ಒಬ್ಬ ತಾತ ಥಟ್ಟನೆ ಹೂಂ ಅಂದರು, ಖುಷಿಯಾಯಿತು. ಆಮೇಲೆ ಗೊತ್ತಾಯಿತು, ಅವರಿಗೆ ಕಿವಿ ಕೇಳುವುದಿಲ್ಲ. ಚೀಟಿಯಲ್ಲಿ ಬರೆದು ತೋರಿಸಿದೆ. ಕಣ್ಣು ಕಾಣುವುದಿಲ್ಲ ಅಂತ ಬಂದವರಿಗೆ ಬರೆದು ತೋರಿಸುವ ಜಾಣೆ ನಿಮ್ಮ ಮಗಳು.

ಮರಿಗುರು ಅನ್ನುತ್ತಾನೆ: "ಮೇಡಂ, ಹೀಗೆ ಕೇಳ್ತಾ ಹೋದ್ರೆ ಒಬ್ರೂ ಒಪ್ಪಲ್ಲ. ನಾನು ಕೇಳ್ಕೊಂಡು ಕೂತಿದ್ರೆ ಕಲೀತಾನೇ ಇರ್ಲಿಲ್ಲ. ಇವತ್ತು ಇಷ್ಟು ಜನಕ್ಕೆ ಕಣ್ಣು ಬರ್ತಿತ್ತಾ?" ಅದೂ ಸುಳ್ಳಲ್ಲ. ನಾನು ಕೈ ತೊಳೆದು, ಗ್ಲೌಸ್ ಹಾಕಿಕೊಂಡು, ಗೋಡೆಗೆ ಒರಗಿ ನಿಂತಿರುತ್ತೇನೆ. ಕೇಳಿದರೆ ಕಲಿಯಲಾರೆ. ಕೇಳದಿದ್ದರೆ ನಿಮಗೆ ಮುಖ ತೋರಿಸಲಾರೆ.

ಒಂದು ಉಪಕಾರ ಮಾಡಿ. ಇಲ್ಲಿಗೆ ಬನ್ನಿ, ಬಲಗಣ್ಣನ್ನು ಮರಿಗುರು ಮಾಡಲಿ. ನಾನು ಪಕ್ಕದಲ್ಲೇ ಇರುತ್ತೇನೆ. ಇಷ್ಟಕ್ಕಾದರೂ ಹಟ ಬಿಡಿ.

ನಿಮ್ಮ
ಮಗಳು


ಸೆಪ್ಟೆಂಬರ್ ೧೪

ಪುಟ್ಟಿ,

ಅಕ್ಷರ ನೋಡು, ಅಕ್ಷರ! ಸಣ್ಣ ಪೆನ್ನು, ಗೆರೆಯಿಲ್ಲದ ಹಾಳೆ, ಸಾಲು ಎಲ್ಲೂ ಇಳಿದಿಲ್ಲ.

ನಿನ್ನ ಮರಿಗುರುವಿನ ಕೈ ಬೆಣ್ಣೆ. ಬೆಳಕು ಕಂಡಿತು, ನೀರಿನ ಸದ್ದು ಕೇಳಿತು, ಇನ್ನೇನು ಹೆದರಬೇಕು ಅನ್ನುವಷ್ಟರಲ್ಲಿ ಮುಗಿದಿತ್ತು. ಮನೆಗೆ ಬಂದು ನೋಡಿದರೆ ಗೋಡೆಗಳು ಇಷ್ಟು ಕೊಳಕಾ! ಕನ್ನಡಿಯಲ್ಲಿ ಯಾರೋ ಮುದುಕ. ಬೀದಿಯವರಿಗೆಲ್ಲ ನೀನೇ ಮಾಡಿದ್ದು ಅಂತ ಹೇಳಿದ್ದೇನೆ, ಟೀಚರಮ್ಮನಿಗೂ. ಬೈಯಬೇಡ. ಬಾಯಿ ತಪ್ಪಿ ಬಂತು, ಹಿಂದಕ್ಕೆ ನುಂಗಲು ಆಗಲಿಲ್ಲ.

ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ನಿನ್ನ ಮುಖ. ಕೂದಲು ನರೆತಿದೆ, ಕೆನ್ನೆ ಇಳಿದಿದೆ. ಇಷ್ಟು ದಿನ ಮಂಜಿನಲ್ಲಿ ನೀನು ಹುಡುಗಿಯ ಹಾಗೇ ಇದ್ದೆ. ನಾನು ನಗುತ್ತಿದ್ದೆ, ನರ್ಸು ನಗುತ್ತಿದ್ದಳು, ಮರಿಗುರು ನಗುತ್ತಿದ್ದ. ನೀನು ಮಾತ್ರ ಬಾಗಿಲಾಚೆಯ ಬೆಂಚಿನ ಕಡೆ ನೋಡುತ್ತಿದ್ದೆ, ಆ ಹೆಂಗಸು ಬಂದಿದ್ದಾಳಾ ಅಂತ.

ಹಾಗಾಗಿ ಕೇಳು. ನನ್ನ ಎಡಗಣ್ಣು ಇನ್ನೂ ಉಳಿದಿದೆ. ಅದರ ಪೊರೆ ಮೃದು ಅಂತ ಮರಿಗುರುವೇ ಹೇಳಿದ. ನಾನು ಅಲುಗಾಡುವವನಲ್ಲ. ಅದನ್ನು ನೀನು ಮಾಡು. ಏನಾಗಬಹುದು ಅಂತ ನೀನೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೀಯ, ಎಲ್ಲ ಓದಿದ್ದೇನೆ. ಬಲಗಣ್ಣಿದೆ, ನನಗೆ ಅಷ್ಟು ಸಾಕು. ನನ್ನನ್ನು ನೀನು ಕೇಳುವುದೇ ಬೇಡ, ನಾನೇ ಹೂಂ ಅನ್ನುತ್ತಿದ್ದೇನೆ.

ನಿನ್ನ
ಅಪ್ಪ


ಸೆಪ್ಟೆಂಬರ್ ೨೨

ಅಪ್ಪಾ,

ಆಗುವುದಿಲ್ಲ. ಈ ಮಾತು ಮತ್ತೆ ಎತ್ತಬೇಡಿ. ಎಡಗಣ್ಣನ್ನೂ ಮರಿಗುರುವೇ ಮಾಡುತ್ತಾನೆ, ಹೇಳಿಟ್ಟಿದ್ದೇನೆ. ಡ್ರಾಪ್ಸ್ ನಿಲ್ಲಿಸಬೇಡಿ.

ಮಗಳು


ಅಕ್ಟೋಬರ್ ೩

ಪುಟ್ಟಿ,

ಯಾಕೆ ಆಗುವುದಿಲ್ಲ? ನಿನ್ನ ಅಪ್ಪನ ಕಣ್ಣು ಅಂತಲಾ? ಇನ್ನು ನಿನ್ನ ಸ್ಟೂಲಿನ ಮುಂದೆ ಮಲಗುವವರು ಯಾರಿಗೂ ಅಪ್ಪ ಅಲ್ಲವಾ?

ಬೇಡ ಅನ್ನುವುದಾದರೆ ಪೂರ್ತಿ ಬೇಡ ಅನ್ನು. ಮೆಷಿನ್ ಬಿಟ್ಟುಬಿಡು, ಕನ್ನಡಕದ ಕೋಣೆಗೆ ಹೋಗು, ನನಗೆ ಎಳ್ಳಷ್ಟೂ ಬೇಸರವಿಲ್ಲ. ಅಪ್ಪನಿಗೆ ಬೇಡ, ಮಿಕ್ಕವರಿಗೆ ಆಗಬಹುದು ಅಂತ ಮಾತ್ರ ಅನ್ನಬೇಡ. ಹಾಗೆ ಅನ್ನುವವಳನ್ನು ನಾನು ಬೆಳೆಸಲಿಲ್ಲ.

ಉತ್ತರ ಬರೆ.

ಅಪ್ಪ


ನವೆಂಬರ್ ೭

ಅಪ್ಪಾ,

ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದು ಹಾಕಿದೆ. ನಿಮ್ಮ ಮಾತಿನಿಂದ ಹೊರಗೆ ಬರಲು ಎಲ್ಲ ಕಡೆ ಸಂದು ಹುಡುಕಿದೆ, ಸಿಗಲಿಲ್ಲ. ಮಗಳನ್ನು ಹೀಗೆ ಮೂಲೆಗೆ ತಳ್ಳಿದ್ದಕ್ಕೆ ನಿಮ್ಮ ಮೇಲೆ ಸಿಟ್ಟೂ ಬಂತು.

ಕನ್ನಡಕದ ಕೋಣೆಗೆ ಹೋಗಿ ನೋಡಿದೆ. ಒಂದು ದಿನ ಪೂರ್ತಿ ಅಲ್ಲೇ ಕೂತೆ. ಪೊರೆ ತುಂಬಿಕೊಂಡು ಬಂದವರನ್ನೆಲ್ಲ ಮರಿಗುರುವಿನ ಸಾಲಿಗೆ ಕಳಿಸುತ್ತಾ ಹೋದೆ. ಸಂಜೆ ಹೊರಗೆ ಬಂದರೆ ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಇಳಿದಿತ್ತು. ಒಬ್ಬನೇ ಎಷ್ಟು ಅಂತ ಮಾಡುತ್ತಾನೆ? ಅಲ್ಲಿ ಕೂರಲು ನನ್ನಿಂದ ಆಗಲಿಲ್ಲ.

ಕಾಜಮ್ಮ ಕೆಲಸ ಮಾಡುವ ಅಂಗಡಿಗೂ ಹೋಗಿದ್ದೆ. ಪಕ್ಕದವಳು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು, ಇವರು ಬೆರಳಲ್ಲಿ ತಡವಿ ತಡವಿ ಹೊಲಿಯುತ್ತಿದ್ದರು. ಮರಿಗುರುವೇ ಮಾಡುತ್ತಾನೆ, ನಾನು ಒಳಗೂ ಬರುವುದಿಲ್ಲ ಅಂತ ಹೇಳಿ ದಿನ ಬರೆದ ಚೀಟಿ ಕೊಟ್ಟೆ. ತೆಗೆದುಕೊಂಡರು. ಮತ್ತೆ ಹೊಲಿಗೆಗೆ ಬಗ್ಗಿದರು.

ನೀವೇ ಹೂಂ ಅಂದಿದ್ದೀರಿ, ಆದರೂ ಕೇಳದೆ ಮಾಡುವುದಿಲ್ಲ. ಎಲ್ಲರಿಗೂ ಹೇಳುವುದನ್ನು ನಿಮಗೂ ಹೇಳುತ್ತೇನೆ. ಯಾರೋ ಗೊತ್ತಿಲ್ಲದ ಡಾಕ್ಟರು ಬರೆದದ್ದು ಅಂದುಕೊಂಡು ಓದಿ.

ನಾನು ಈ ವಿಧಾನವನ್ನು ಇನ್ನೂ ಕಲಿಯುತ್ತಿದ್ದೇನೆ. ಮಸೂರದ ಹಿಂದಿನ ಪರೆ ಹರಿಯುವ ಅಪಾಯ ಪಳಗಿದವರ ಕೈಗಿಂತ ನನ್ನ ಕೈಯಲ್ಲಿ ಹೆಚ್ಚು. ಹರಿದರೆ ಇನ್ನೊಂದು ಆಪರೇಷನ್ ಬೇಕಾಗಬಹುದು. ಆಮೇಲೂ ನೇರ ಗೆರೆ ಸೊಟ್ಟಗೆ ಕಾಣಬಹುದು. ಬಲು ಅಪರೂಪಕ್ಕೆ ಕಣ್ಣೇ ಹೋಗಬಹುದು. ಪಳಗಿದವರೊಬ್ಬರು ನನ್ನ ಹಿಂದೆ ನಿಂತಿರುತ್ತಾರೆ. ಅವರು ನನ್ನನ್ನು ಎಬ್ಬಿಸಬಲ್ಲರು, ಆದದ್ದನ್ನು ಆಗದ ಹಾಗೆ ಮಾಡಲಾರರು. ನೀವು ಬೇಡ ಅಂದರೆ ಅವರೇ ಮಾಡುತ್ತಾರೆ. ನಿಮ್ಮ ಸರದಿ ತಪ್ಪುವುದಿಲ್ಲ, ಯಾರೂ ಮುಖ ಸಿಂಡರಿಸುವುದಿಲ್ಲ. ಮುಖಕ್ಕೆ ಬಟ್ಟೆ ಹೊದಿಸಿದ ಮೇಲೂ ಬೇಡ ಅನ್ನಬಹುದು.

ಇಷ್ಟೇ ಅಪ್ಪಾ. ಇಷ್ಟನ್ನು ಹೇಳಲು ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಸಾಕು.

ಮುಂದಿನ ತಿಂಗಳ ಮೊದಲ ಮಂಗಳವಾರಕ್ಕೆ ನಿಮ್ಮ ಹೆಸರು ಬರೆಸಿದ್ದೇನೆ. ನೀವು ಮನಸ್ಸು ಬದಲಾಯಿಸಲಿ, ಬಾರದೆ ಇರಲಿ ಅಂತ ದಿನಾ ಬೇಡಿಕೊಳ್ಳುತ್ತಿದ್ದೇನೆ. ಬೆಳಗಿನ ಮೊದಲ ಬಸ್ಸಿಗೆ ಹೊರಡಿ. ಸ್ಟ್ಯಾಂಡಿನಲ್ಲಿ ನಾನೇ ನಿಂತಿರುತ್ತೇನೆ.

ನಿಮ್ಮ
ಮಗಳು